ಕರೆಯದ ಮನೆಮಗಳು

ಮಹೇಂದ್ರನಿಗೆ ಮಾತು ಕಡಿಮೆ, ಅನುಮಾನ ಜಾಸ್ತಿ. ನೆಟ್‌ವರ್ಕ್ ಕಾಯುವವನಿಗೆ ಅದು ಇರಬೇಕಾದ ಗುಣವೇ ಬಿಡಿ. ಹುಣಸೂರಿನ ಆ ಸಣ್ಣ ಆಸ್ಪತ್ರೆಯ ಬಿಲ್ಲಿಂಗ್ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದರಿಂದ ಅವನನ್ನು ಕರೆಸಿದ್ದರು. ಎಲ್ಲ ಯಂತ್ರಗಳ ವೈರುಗಳೂ ಬಂದು ಸೇರುವ ಸ್ವಿಚ್ಚಿನಲ್ಲಿ ಅವನೊಂದು ಫಿಲ್ಟರ್, ಅಂದರೆ ಯಾವ ಯಂತ್ರಕ್ಕೆ ದಾರಿ ಬಿಡಬೇಕೆಂಬ ಪಟ್ಟಿ, ಬರೆಯಬೇಕಿತ್ತು.

"ಮದುವೆಗೆ ಕರೆದಂಗೆ ಕಣಕ್ಕ," ಎಂದು ಹಿರಿಯ ನರ್ಸ್ ಚೆಲುವಮ್ಮನಿಗೆ ವಿವರಿಸಿದ. "ಹೆಸರಿದ್ದೋರಿಗೆ ಮಾತ್ರ ದಾರಿ. ಯಾರ್‍ಯಾರನ್ನ ಕರೀಬೇಕು, ಹೇಳಿ."

ಚೆಲುವಮ್ಮ ಬೆರಳು ಮಡಿಸುತ್ತ ಹೇಳಿದರು: ಲ್ಯಾಬು, ಎಕ್ಸ್‌ರೇ, ಔಷಧಿ ಕೌಂಟರು. ಮಹೇಂದ್ರ ಅಷ್ಟನ್ನೂ ಬರೆದು, ಕೊನೆಯ ಸಾಲಿನಲ್ಲಿ 'ಮಿಕ್ಕ ಯಾರಿಗೂ ಇಲ್ಲ' ಎಂದು ಹಾಕಿ ಎಂಟರ್ ಒತ್ತಿದ.

ಮೇಲಿನ ಮಹಡಿಯಲ್ಲಿ ಮೀನಾಳ ಕೈಲಿದ್ದ ಹಳೇ ಟ್ಯಾಬು ಕಪ್ಪಾಯಿತು.

ಕಟ್ಟೆಮಳಲವಾಡಿಯ ಮೀನಾಗೆ ತಿಂಗಳು ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತ್ತು. ಮಗು ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಇವಳಿಗೆ ಸೋಂಕು, ಹತ್ತಿರ ಬಿಡುತ್ತಿರಲಿಲ್ಲ. ಪಾಪ, ಇನ್ನೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಅವಳ ಸಂಕಟ ನೋಡಲಾರದೆ ಚೆಲುವಮ್ಮನೇ ಪೆಟ್ಟಿಗೆಯ ಪಕ್ಕ ಒಂದು ಕ್ಯಾಮೆರಾ ಕೂರಿಸಿ ಟ್ಯಾಬು ಕೊಟ್ಟಿದ್ದರು. ಆ ಪುಟ್ಟ ಹೊಟ್ಟೆ ಏರಿಳಿಯುವುದನ್ನು ನೋಡಿಕೊಂಡೇ ಮೀನಾ ಜೀವ ಹಿಡಿದಿದ್ದಳು.

"ಏನೋ ಆಗೋಗದೆ! ನನ್ನತ್ರ ಮುಚ್ಚಿಡ್ತಾವ್ರೆ! ನಿಜ ಹೇಳ್ರೀ!" ಅವಳ ಕೂಗು ಮೆಟ್ಟಿಲಿಳಿದು ಬಂತು. ಮಗು ಚೆನ್ನಾಗಿದೆ ಎಂದು ಅಲ್ಲಿದ್ದವರು ಎಷ್ಟು ಹೇಳಿದರೂ ನಂಬಲಿಲ್ಲ. ಹೇಗೆ ನಂಬುತ್ತಾಳೆ? ಸಾವನ್ನು ಮುಚ್ಚಿಡುವಾಗಲೂ ಜನ ಇದೇ ಮಾತು ಹೇಳುತ್ತಾರೆ.

ವಿಷಯ ತಿಳಿದು ಮಹೇಂದ್ರ ಪಟ್ಟಿಯನ್ನು ಮತ್ತೆ ತೆರೆದ. "ಕ್ಯಾಮೆರಾ ಸುದ್ದೀನೇ ಎತ್ತಲಿಲ್ವಲ್ಲಕ್ಕ!"

"ಕರೀಬೇಕಾದೋರನ್ನ ಹೇಳು ಅಂದೆ, ಹೇಳ್ದೆ," ಎಂದರು ಚೆಲುವಮ್ಮ, ಕಣ್ಣಲ್ಲಿ ನೀರು. "ಮನೆಯೋರಿಗೆ ಯಾರಾರ ಲಗ್ನಪತ್ರಿಕೆ ಕೊಡ್ತಾರೇನಪ್ಪ?"

ಅವನೂ ಅದೇ ಸೀಮೆಯ ಮಿರ್ಲೆ ಊರಿನವನೇ. ಅವರ ಮನೆಯಲ್ಲೂ ಮನೆಯವರಿಗೆ ಯಾರೂ ಪತ್ರಿಕೆ ಕೊಡುವುದಿಲ್ಲ.

ಅವಸರದಲ್ಲಿ ಕ್ಯಾಮೆರಾದ ಸಾಲು ಸೇರಿಸಿದ. ಅದು ಹೋಗಿ ಪಟ್ಟಿಯ ತಳಕ್ಕೆ ಕೂತಿತು. ಸ್ವಿಚ್ಚು ಮೇಲಿನಿಂದ ಓದುತ್ತ ಬಂದು, 'ಯಾರಿಗೂ ಇಲ್ಲ' ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಅದರ ಕೆಳಗಿರುವವರು ಬಾಗಿಲಲ್ಲೇ ಬಾಕಿ. ಮೇಲೆ ಮೀನಾ ಡ್ರಿಪ್ಪಿನ ಸೂಜಿ ಕಿತ್ತು ಇಳಿಯಲು ಹೊರಟಿದ್ದಳು. ಮಹೇಂದ್ರ ಆ ಸಾಲನ್ನು ಅಳಿಸಿ ಎಲ್ಲಕ್ಕಿಂತ ಮೇಲೆ ಬರೆದ. ಪಕ್ಕದಲ್ಲಿ ಗುರುತಿಗೊಂದು ಹೆಸರು ಹಾಕಬೇಕಿತ್ತು.

"ಏನಂತ ಹಾಕ್ಲಕ್ಕ?"

"ಮನೆಮಗಳು ಅಂತ ಹಾಕಪ್ಪ."

ಹಾಕಿದ. ಮೇಲಿನ ಕೂಗು ತಟ್ಟನೆ ನಿಂತಿತು. ಆ ಮೌನಕ್ಕೆ ಇನ್ನಷ್ಟು ಹೆದರಿ ಇಬ್ಬರೂ ದಡಬಡನೆ ಮೆಟ್ಟಿಲು ಹತ್ತಿದರು. ಮೀನಾ ಟ್ಯಾಬನ್ನು ಎದೆಗಾನಿಸಿಕೊಂಡು ಕೂತಿದ್ದಳು. ಇವರನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

"ಶ್... ಮೆತ್ತಗೆ ಬನ್ರೀ. ಕೂಸು ಮಲಗದೆ."