ನಾಗಕನ್ಯೆಯ ಫಿರ್ಯಾದು

"ಕಣ್ಣ ತಗಿಯಲೇ ಖೋಜಾ! ನಾ ಮುಂದ ನಿಂತೀನಿ, ನೀ ಕಣ್ಣ ಮುಚಗೊಂಡ ಕುಂತಿಯೇನು?"

ಗಾದಿಲಿಂಗಪ್ಪ ಧಣಿ ಬಿದಿರಿನ ತಡೆ ದಾಟಿ ಒಳಗೇ ಬಂದುಬಿಟ್ಟಿದ್ದ. ಬಗ್ಗಿ ಬಸವಣ್ಣೆಮ್ಮನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿದ. ಬೆರಳಿಗೆ ಅಂಟಿದ ಪೌಡರನ್ನು ಅವಳ ಮೂಗಿಗೇ ಒರೆಸಿದ. ಅವಳು ಅಲ್ಲಾಡಲಿಲ್ಲ. ಅಲ್ಲಾಡುವುದು ಅವಳ ಕೈಯಲ್ಲಿ ಇರಲಿಲ್ಲ. ಮೇಜಿನ ಹಲಗೆ ಎರಡು ಹೋಳಾಗಿ ಬಂದು ಅವಳ ಕುತ್ತಿಗೆಯ ಸುತ್ತ ಕೂಡಿಕೊಂಡಿತ್ತು. ಹಿಂದೆ ಚಿಲಕ ಬಿದ್ದಿತ್ತು. ಹಲಗೆಯ ಮೇಲೆ ತಲೆ, ತಲೆಯ ಬುಡದಿಂದ ಸುರುಳಿ ಸುತ್ತಿಕೊಂಡ, ಚಿಂದಿಬಟ್ಟೆ ತುಂಬಿದ ಹಾವಿನ ಮೈ. ಹಲಗೆಯ ಕೆಳಗೆ ಓರೆಯಾಗಿ ನಿಲ್ಲಿಸಿದ ಎರಡು ಕನ್ನಡಿ. ನೋಡುವವರಿಗೆ ಮೇಜಿನ ಕೆಳಗೆ ಏನೂ ಇಲ್ಲ ಅನ್ನಿಸಬೇಕು. ಆ ಕನ್ನಡಿಗಳ ಹಿಂದೆ ಅವಳ ಉಳಿದ ದೇಹ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿತ್ತು. ಹಾಗೆ ಕೂತು ಎಂಟು ವರ್ಷವಾಗಿತ್ತು.

"ಬಾಬಾಸಾಬ, ಇದು ಗಂಡೋ ಹೆಣ್ಣೋ?" ಧಣಿ ತಿರುಗಿ ಕೇಳಿದ.

ಮೈಕು ಹಿಡಿದು ನಿಂತಿದ್ದ ಬಾಬಾಸಾಬ ಈ ಡೇರೆಯ ಮಾಲಕ, ಪಕ್ಕದ ಮರಣಬಾವಿಯ ಮಾಲಕನೂ ಅವನೇ. ಎಕ್ಸಿಬಿಷನ್ನು ಬೀಡುಬಿಟ್ಟಿದ್ದ ಗಂಗಾವತಿಯ ಹೊರಗಿನ ಈ ಬಯಲು ಮಾತ್ರ ಧಣಿಯದು. ಬಯಲಿನ ಆಚೆ ಅವನ ರೈಸ್ ಮಿಲ್ಲು.

"ನಾಗಕನ್ಯೆ ಐತ್ರಿ ಧಣ್ಯಾರ," ಬಾಬಾಸಾಬ ಹಲ್ಲು ಕಿರಿದ. "ಮಾತಾಡಸ್ರಿ, ಮಾತಾಡತೈತಿ."

"ಹೌದಾ? ಹೇಳಲೇ, ಯಾರ ಶಾಪಾ ನಿನಗ?"

"ಅತ್ತಿ ಶಾಪಾರಿ," ಬಸವಣ್ಣೆಮ್ಮ ದಿನಕ್ಕೆ ನಲವತ್ತು ಸಲ ಹೇಳುವುದನ್ನೇ ಹೇಳಿದಳು. "ಹಸದ ಅತ್ತಿಗೆ ಅನ್ನಾ ಹಾಕಲಿಲ್ಲ, ಗಂಡನ ಮಾತ ಕೇಳಲಿಲ್ಲ. ಅದಕ್ಕ ಈ ಜನ್ಮ ಬಂತು. ಯವ್ವಗೋಳ್ರಾ, ನೀವು ಹಂಗ ಮಾಡಬ್ಯಾಡ್ರಿ..."

ಧಣಿ ಬಾಯಲ್ಲಿದ್ದ ಗುಟ್ಕಾವನ್ನು ಅವಳ ಹಣೆಗೆ ಉಗುಳಿದ. ಡೇರೆ ತುಂಬ ನಗು. ಕೆಂಪು ಉಗುಳು ಹುಬ್ಬಿನ ಮೇಲೆ ನಿಂತು, ನಿಧಾನಕ್ಕೆ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಬೇಕಾದ ಕೈಗಳು ಹಲಗೆಯ ಕೆಳಗಿದ್ದವು. ಒಂದು ಕಣ್ಣು ಮುಚ್ಚಿಕೊಂಡೇ ಅವಳು ಉಳಿದ ಮಾತು ಮುಗಿಸಿದಳು. ಮುಂದೆ ನಿಂತಿದ್ದ ಒಬ್ಬ ಮುದುಕಿ, ಅತ್ತೆಗೆ ಅನ್ನ ಹಾಕದವಳಿಗೆ ಇದು ಆಗಬೇಕಾದ್ದೇ ಎಂಬಂತೆ ತಲೆ ಆಡಿಸಿದಳು.

ಆಟ ಮುಗಿದ ಮೇಲೆ ಬಾಬಾಸಾಬನೇ ಟಾವೆಲ್ಲಿನಿಂದ ಅವಳ ಮುಖ ಒರೆಸಿದ.

"ಅವನ ಜಾಗಾದಾಗ ನಿಂತೀವಿ. ಒಂದೀಟ ತಡಕೋ ಬಸವಣ್ಣೆಮ್ಮ."

"ನೀ ತಡಕೊಳ್ಳೋ ಹಾಟ್ಯಾ. ಉಗುಳಿದ್ದು ನನ್ನ ಮಾರಿಗೆ."

ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಅವಳು ಬಸವಣ್ಣೆಪ್ಪನಾಗಿ ಹುಟ್ಟಿದ್ದಳು. ಸಣ್ಣಾಟದಲ್ಲಿ ಹೆಣ್ಣಿನ ಪಾತ್ರಕ್ಕೆ ಸೀರೆ ಉಟ್ಟು ನಿಂತಾಗ ಊರ ಜನ ಸೀಟಿ ಹೊಡೆದು, ಹತ್ತರ ನೋಟು ಪಿನ್ನು ಚುಚ್ಚಿ ಎದೆಗೆ ಸಿಕ್ಕಿಸಿದ್ದರು. ಆಟ ಮುಗಿದ ಮೇಲೂ ಸೀರೆ ಬಿಚ್ಚುವುದಿಲ್ಲ ಅಂದ ದಿನ ಚಾವಡಿಯ ಕಂಬಕ್ಕೆ ಕಟ್ಟಿ ಬಾರುಕೋಲಿನಲ್ಲಿ ಹೊಡೆದರು. ಮೊದಲ ಏಟು ಅಪ್ಪನದೇ. ಊರು ಬಿಟ್ಟು ಬರುವಾಗ ತಂದದ್ದು ಬಸವಣ್ಣೆಮ್ಮ ಎಂಬ ಅಜ್ಜಿಯ ಹೆಸರೊಂದನ್ನೇ. ಈಗ ಅವಳಿಗೆ ನಲವತ್ತು ದಾಟಿತ್ತು. ರಾತ್ರಿ ಹಲಗೆಯಿಂದ ಹೊರಬಂದಾಗ ಕಾಲು ನೆಟ್ಟಗಾಗಲು ಅರ್ಧ ತಾಸು ಬೇಕು. ಆಗ ಅವಳ ಮೀನಖಂಡ ತಿಕ್ಕಿಕೊಡುವವನು ಜಿಲಾನಿ.

ಜಿಲಾನಿ ಭಾಗ್ಯನಗರದವನು. ವಯಸ್ಸು ಇಪ್ಪತ್ತಾರು. ಮರಣಬಾವಿಯ ಒಳಗೆ ಮೋಟರ್‌ಸೈಕಲ್ಲು ಗರಗರ ತಿರುಗುವ ಮುಂಚೆ, ಹೊರಗೆ ಎರಡಾಳೆತ್ತರದ ಅಟ್ಟಣಿಗೆಯ ಮೇಲೆ ಘಾಗ್ರಾ ತೊಟ್ಟು ಕುಣಿದು ಜನ ಕೂಡಿಸುವುದು ಅವನ ಕೆಲಸ. ಬೇರೆಯವರು ಕಟ್ಟುಗೂದಲಿನ ಟೋಪನ್ ಹಾಕುತ್ತಿದ್ದರು. ಇವನದು ಸ್ವಂತ ಕೂದಲು, ಸೊಂಟದ ತನಕ. ಅವನು ಅದನ್ನು ಬಿಚ್ಚಿ ಗಿರ್ರನೆ ತಿರುಗಿದರೆ ಜೋಕಾಲಿಯ ಮೇಲಿದ್ದವರೂ ಈ ಕಡೆ ಕತ್ತು ಹೊರಳಿಸುತ್ತಿದ್ದರು. ಬೆಳಿಗ್ಗೆ ಎಣ್ಣೆ ಹಚ್ಚಿ, ಬಾಚಿ, ಹೆಣೆದುಕೊಡುವವಳು ಬಸವಣ್ಣೆಮ್ಮ. "ಅಕ್ಕಾ, ಮೆತ್ತಗ, ಹರಿತೈತಿ," ಎಂದು ಅವನು ಮುಲುಗಿದರೆ, "ಮೈಮ್ಯಾಲ ನೂರ ಮಂದಿ ಕೈ ಹಾಕಿದ್ರ ನೋಯೂದಿಲ್ಲ, ನಾ ಹಣಗಿ ಹಾಕಿದ್ರ ನೋಯತೈತಿ ನಿನಗ," ಎಂದು ಬೈಯುತ್ತಿದ್ದಳು.

ಬುಧವಾರ ಮಧ್ಯಾಹ್ನ ಮಿಲ್ಲಿನಿಂದ ಆಳು ಬಂದ. ಧಣಿಯ ಗೆಳೆಯರು ಊಟಕ್ಕೆ ಬಂದಿದ್ದಾರೆ, ಒಂದೆರಡು ಹಾಡಿಗೆ ಕುಣಿದು ಹೋಗಲಿ ಅಂದ.

"ನಾ ಒಲ್ಲೆ," ಅಂದ ಜಿಲಾನಿ.

"ಹೋಗಿ ಬಾ," ಅಂದ ಬಾಬಾಸಾಬ. "ಹಾಡಹಗಲ ಐತಿ. ತಿಂದಬಿಡ್ತಾರೇನು?"

ಸಂಜೆಯ ಆಟ ಸುರುವಾಗುವ ಮುಂಚೆ, ನಾಲ್ಕು ಗಂಟೆಗೆ ಜಿಲಾನಿ ತಿರುಗಿ ಬಂದ. ಭತ್ತ ಒಣಹಾಕಿದ ಕಣದ ನಡುವೆ ನಡೆದು ಬರುತ್ತಿದ್ದವನನ್ನು ಬಸವಣ್ಣೆಮ್ಮ ಮೊದಲು ಗುರುತಿಸಲಿಲ್ಲ. ತಲೆಯಲ್ಲಿ ಅಲ್ಲಲ್ಲಿ ತುಪ್ಪಟದಂತೆ ಕೂದಲು, ಅಲ್ಲಲ್ಲಿ ರಕ್ತ, ರಕ್ತಕ್ಕೆ ಅಂಟಿದ ತೌಡು. ಘಾಗ್ರಾ ತಿರುಗುಮುರುಗು ಆಗಿತ್ತು. ಅವನು ಡೇರೆಯ ಹಿಂದೆ ಬಂದು ನೀರಿನ ಡ್ರಮ್ಮಿಗೆ ಒರಗಿ ಕೂತ.

"ಬಿಚ್ಚು ಅಂದ್ರು. ಒಲ್ಲೆ ಅಂದೆ," ಅಂದ. "ನಾಕ ಮಂದಿ ಕೈಕಾಲ ಹಿಡದ್ರು. ಧಣಿ ಚೀಲ ಕೊಯ್ಯೂ ಚಾಕು ತರಿಸಿದ. ಈಗ ಗಂಡಸಾದಿ ನೋಡಲೇ ಅಂದ. ಮ್ಯಾಲ ತೌಡ ಸುರುವಿದ್ರು, ಅಕ್ಕಾ. ಎಮ್ಮಿಗೆ ಸುರುವಿದಂಗ."

ಅವಳು ಒದ್ದೆಬಟ್ಟೆಯಿಂದ ತೌಡನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿದಳು. ಅವನು ಮುಲುಗಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಇಬ್ಬರೂ ಠಾಣೆಗೆ ಹೋದಾಗ ಜಮಾದಾರ ಕುರ್ಚಿಯಿಂದ ಏಳಲಿಲ್ಲ.

"ಫಿರ್ಯಾದಿ ಯಾರು? ಇವನೋ, ಇವಳೋ? ಮೊದಲ ಅದನ್ನ ಹೇಳ್ರಿ. ಗಂಡಸಿನ ಕಾಲಮ್ಮಿನ್ಯಾಗ ಬರೀಲೇನು, ಹೆಂಗಸಿನ ಕಾಲಮ್ಮಿನ್ಯಾಗ ಬರೀಲೇನು?"

"ಮನಷ್ಯಾನಂತ ಬರೀರಿ ಸಾಹೇಬ್ರ," ಅಂದಳು ಬಸವಣ್ಣೆಮ್ಮ.

"ಕೂದಲಾ ಕತ್ತರಿಸಿದ್ದಕ್ಕ ಕೇಸ್ ಬರದ್ರ ಊರಾಗಿನ ಕಟಿಂಗ್ ಅಂಗಡಿ ಎಲ್ಲಾ ಮುಚ್ಚಬೇಕಾಗತೈತಿ." ಅವನು ತನ್ನ ಮಾತಿಗೆ ತಾನೇ ನಕ್ಕು, ಮೇಜಿನ ಮೇಲಿದ್ದ ಮೊಬೈಲು ಎತ್ತಿ ಅವರ ಕಡೆ ತಿರುಗಿಸಿದ. "ಇದ ಅಲ್ಲೇನು?"

ಮೊಬೈಲಿನ ವಿಡಿಯೋದಲ್ಲಿ ಜಿಲಾನಿ ನೆಲದ ಮೇಲೆ ಹೊರಳಾಡುತ್ತಿದ್ದ. ಹಿಡಿದವರ ಮುಖ ಕಾಣುತ್ತಿರಲಿಲ್ಲ, ಕೈಗಳಷ್ಟೇ. ಧಣಿಯ ನಗು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಘಟನೆ ನಡೆದು ಮೂರು ತಾಸೂ ಆಗಿರಲಿಲ್ಲ. ಅದು ಠಾಣೆಗೆ ಅವರಿಗಿಂತ ಮುಂಚೆಯೇ ಬಂದು ಮುಟ್ಟಿತ್ತು.

"ಹೋಗ್ರಿ, ಹೋಗ್ರಿ. ಮರ್ಯಾದಸ್ತ ಹೆಣ್ಮಕ್ಕಳು ಬರೂ ಜಾಗಾ ಇದು."

ಜಿಲಾನಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅಮ್ಮ, ಬಾನುಬೀ. ಅವನು ಎತ್ತಲಿಲ್ಲ. ಅದು ನಿಂತು, ಮತ್ತೆ ಬಡಿದುಕೊಂಡಿತು. ಭಾಗ್ಯನಗರಕ್ಕೂ ಮುಟ್ಟಿದೆ ಎಂದು ಇಬ್ಬರಿಗೂ ತಿಳಿಯಿತು.

ಮರುದಿನ ಮರಣಬಾವಿಯ ಮುಂದೆ ಹಿಂದೆಂದೂ ಸೇರದಷ್ಟು ಜನ ಸೇರಿತು. ಜಿಲಾನಿ ಟೋಪನ್ ಹಾಕಿಕೊಂಡು ಏಣಿಯ ಹತ್ತಿರ ಬಂದಾಗ ಬಾಬಾಸಾಬ ತಡೆದ.

"ಅದನ್ನ ತಗದ ಹೋಗು."

"ಏನಂದಿ?"

"ಮಂದಿ ಮೊಬೈಲ್ ನೋಡಿ ಬಂದಾರ. ಬೋಳ ತಲಿ ನೋಡಾಕ ಬಂದಾರ. ನಿನ್ನ ಕಾಲ ಬೀಳ್ತೀನಿ, ನಾಕ ದಿನಾ ಹಂಗ ಕುಣಿ."

ಜಿಲಾನಿ ಟೋಪನ್ ತೆಗೆದು ಅವನ ಕೈಗಿಟ್ಟು ಮೇಲೆ ಹತ್ತಿದ. ಜನ ಹೋ ಎಂದರು. ಅವನು ಕುಣಿದ. ಗಿರ್ರನೆ ತಿರುಗುವ ಜಾಗ ಬಂದಾಗ ಮೊದಲಿನ ಹಾಗೇ ತಿರುಗಿದ. ಹಲಗೆಯೊಳಗೆ ಕೂತ ಬಸವಣ್ಣೆಮ್ಮನಿಗೆ ಏನೂ ಕಾಣುತ್ತಿರಲಿಲ್ಲ. ಆ ಹೋ ಮಾತ್ರ ಪರದೆ ದಾಟಿ ಬರುತ್ತಿತ್ತು. ಅವಳು ಅತ್ತೆಯ ಶಾಪದ ಕಥೆ ಹೇಳುತ್ತಲೇ ಇದ್ದಳು. ಗುರುವಾರ ಹೇಳಿದಳು, ಶುಕ್ರವಾರ ಹೇಳಿದಳು, ಶನಿವಾರ ಹೇಳಿದಳು.

ಭಾನುವಾರ ಸಂಜೆ ಐದಕ್ಕೆ ಧಣಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದ. ಹೆಂಡತಿ ಶಾಂತಕ್ಕ, ಸೊಸೆ, ಇಬ್ಬರು ಮೊಮ್ಮಕ್ಕಳು. ಬಾಬಾಸಾಬ ಮುಂದೆ ಕುರ್ಚಿ ಹಾಕಿಸಿದ. ಹಿಂದೆ ಡೇರೆ ತುಂಬ ಜನ ನಿಂತಿದ್ದರು. ಶಾಂತಕ್ಕ ಇಳಕಲ್ ಸೀರೆಯ ಸೆರಗು ಹೊದ್ದು, ಮೇಜಿನ ಮೇಲಿನ ತಲೆಯನ್ನು ಕನಿಕರದಿಂದ ನೋಡುತ್ತ ಕೂತಳು.

"ನಿನ್ನ ಹೆಸರೇನವ್ವಾ?" ಬಾಬಾಸಾಬ ಮೈಕಿನಲ್ಲಿ ಕೇಳಿದ.

"ಬಸವಣ್ಣೆಮ್ಮ."

ದಿನವೂ ನಾಗಕನ್ಯೆ ಎಂಬ ಉತ್ತರ ಕೇಳುತ್ತಿದ್ದ ಬಾಬಾಸಾಬ ತಬ್ಬಿಬ್ಬಾದ. ಕೆಮ್ಮಿ, ರೂಢಿಯ ಬಲದಿಂದಲೇ ಮುಂದಿನದನ್ನು ಕೇಳಿಬಿಟ್ಟ. "ಯಾರ ಶಾಪಾ ನಿನಗ?"

"ಶಾಪಾ ಗೀಪಾ ಏನಿಲ್ಲ. ಅಕ್ಕಾರ," ಎಂದು ತಲೆ ನೇರವಾಗಿ ಶಾಂತಕ್ಕನನ್ನು ನೋಡಿತು, "ನಿಮ್ಮ ಮನಿಯವರನ್ನ ಒಂದ ಮಾತ ಕೇಳ್ರಿ. ಬುಧವಾರ ಮಧ್ಯಾಹ್ನ ಮಿಲ್ಲಿನ್ಯಾಗ, ಬಾಜೂಕ ಕುಣಿಯೂ ಜಿಲಾನಿನ್ನ ನಾಕ ಮಂದಿ ಕಡಿಂದ ಹಿಡಿಸಿ, ಚೀಲ ಕೊಯ್ಯೂ ಚಾಕೂಲೆ ತಲಿ ಬೋಳಿಸ್ಯಾರ. ಬರಿಮೈ ಮಾಡ್ಯಾರ. ಅವನು ಇವರಿಗೆ ಏನ ಮಾಡಿದ್ದ ಅಂತ ಕೇಳ್ರಿ."

"ಏನ ಬೊಗಳ್ತೈತಿ ಇದು! ಲೈಟ್ ಆರಸಲೇ ಸಾಬಾ!" ಧಣಿ ಎದ್ದ.

ಹಿಂದಿನಿಂದ ಯಾರೋ ಒಬ್ಬ, ಹೇಳುವುದಕ್ಕೇ ಕಾಯುತ್ತಿದ್ದವನ ಹಾಗೆ, "ಖರೇ ಐತ್ರಿ, ನನ್ನ ಮೊಬೈಲಿನ್ಯಾಗ ಐತಿ," ಅಂದು ಬಟನ್ನು ಒತ್ತಿದ. ಜಿಲಾನಿಯ ಚೀರಾಟ, ಅದರ ಮೇಲೆ ಒಂದು ನಗು. ಮೂವತ್ತು ವರ್ಷ ಜೊತೆಯಲ್ಲಿ ಉಂಡ ಮನುಷ್ಯನ ನಗು. ಶಾಂತಕ್ಕ ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ನೆಲ ನೋಡಿದಳು.

ಧಣಿ ತಡೆ ದಾಟಿ ಹೋಗಿ ತಲೆಗೆ ಹೊಡೆದ. ಬಲಗೆನ್ನೆಗೆ, ಎಡಗೆನ್ನೆಗೆ, ಮತ್ತೆ ಬಲಗೆನ್ನೆಗೆ. ಪ್ರತಿ ಏಟಿಗೂ ಹಲಗೆಯ ಅಂಚು ಕುತ್ತಿಗೆ ಕೊಯ್ಯುತ್ತಿತ್ತು. ತಪ್ಪಿಸಿಕೊಳ್ಳಲಾರದ ತಲೆಯನ್ನು ಹೊಡೆಯುವುದು ಸುಲಭ. ಅವನು ಗುರಿ ಇಡಬೇಕಾಗಿಯೂ ಇರಲಿಲ್ಲ. ಇನ್ನೂರು ಜನ ನೋಡುತ್ತ ನಿಂತಿದ್ದರು. ಯಾರೋ ಒಬ್ಬ ಏಟುಗಳನ್ನು ಎಣಿಸತೊಡಗಿದ.

"ಸೂಳಿಮಗನ, ಕೈ ಕಟ್ಟಿದವರನ್ನಷ್ಟ ಹೊಡಿತಿಯೇನಲೇ?" ಎಂದು ಬಸವಣ್ಣೆಮ್ಮ ರಕ್ತದ ಬಾಯಲ್ಲಿ ಕೇಳಿದಳು.

ಕೇಳಿ, ಎದ್ದು ನಿಂತಳು.

ಮೇಜು ಅವಳ ಹೆಗಲ ಮೇಲೆ ಎದ್ದಿತು. ಚಿಲಕ ಕಿತ್ತು ಹಲಗೆ ಎರಡೂ ಕಡೆ ಬಿತ್ತು, ಕನ್ನಡಿಗಳು ಚೂರುಚೂರಾದವು. ಹಾವಿನ ಬಾಲ ಕಾಲಿಗೆ ತೊಡರಿತು. ಅದನ್ನು ಕಿತ್ತು ಧಣಿಯ ಮುಖಕ್ಕೆ ಎಸೆದಳು. ಚಡ್ಡಿ, ಹರಿದ ಬನಿಯನ್ನು, ಗಾಯವಾದ ಕುತ್ತಿಗೆ, ಬಣ್ಣ ಬಳಿದ ಮುಖ. ಇಷ್ಟು ಎತ್ತರದ ದೇಹ ಆ ಮೇಜಿನ ಕೆಳಗಿತ್ತೆಂದು ನೆರೆದವರಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ಗಾಜಿನ ಮೇಲೆ ಬರಿಗಾಲಲ್ಲಿ ನಡೆದು, ಬಾಬಾಸಾಬನ ಕೈಯಿಂದ ಮೈಕು ಕಸಿದುಕೊಂಡು ಹೊರಗೆ ಬಂದಳು. ಅದು ಬಯಲಿನ ಸ್ಪೀಕರುಗಳಿಗೆಲ್ಲ ಹೊಂದಿಸಿದ, ವೈರಿಲ್ಲದ ಮೈಕು.

ಜಿಲಾನಿ ಅಟ್ಟಣಿಗೆಯ ಮೇಲೆ ಕುಣಿಯುತ್ತಿದ್ದ. ಕಾಲಿನಿಂದ ರಕ್ತ ಬಸಿಯುತ್ತ ಏಣಿ ಹತ್ತಿ ಬರುವ ಅಕ್ಕನನ್ನು ಕಂಡು ನಿಂತ. ಹಾಡು ನಿಂತಿತು. ಮಿಲ್ಲಿನ ಹಮಾಲರಲ್ಲಿ ಐದಾರು ಮಂದಿ ಕೋಲು ಹಿಡಿದು ಕಣ ದಾಟಿ ಓಡಿ ಬರುತ್ತಿದ್ದರು. ಡೇರೆಯ ಬಾಗಿಲಲ್ಲಿ ನಿಂತು ಧಣಿ ಅವರನ್ನು ಕೂಗಿ ಕರೆಯುತ್ತಿದ್ದ.

"ಓಡೂನು ಅಕ್ಕಾ?" ಜಿಲಾನಿ ಕೇಳಿದ.

"ಎಲ್ಲಿಗೆ?"

ಜಿಲಾನಿ ಬಗ್ಗಿ ಏಣಿಯ ತುದಿ ಹಿಡಿದ. ಅವಳೂ ಹಿಡಿದಳು. ಅಷ್ಟರಲ್ಲಿ ಮೊದಲ ಹಮಾಲ ಮೂರು ಮೆಟ್ಟಿಲು ಹತ್ತಿದ್ದ. ಇಬ್ಬರೂ ಸೇರಿ ಏಣಿಯನ್ನು ಅವನ ಸಮೇತ ಆಚೆ ನೂಕಿದರು. ಅವನು ಮಣ್ಣಿನಲ್ಲಿ ಬಿದ್ದು ಸೊಂಟ ಹಿಡಿದುಕೊಂಡ.

"ಬರಕೊಳ್ಳೂರು ಬರಕೋರಿ!" ಬಸವಣ್ಣೆಮ್ಮನ ದನಿ ಬಯಲಿನ ನಾಲ್ಕೂ ಮೂಲೆಯ ಸ್ಪೀಕರಿನಿಂದ ಹೊರಟಿತು. "ಹೊಡಸಿಕೊಂಡಾವ ಜಿಲಾನಿ, ತಾಯಿ ಬಾನುಬೀ, ಭಾಗ್ಯನಗರ. ಹೊಡದಾವ ಗಾದಿಲಿಂಗಪ್ಪ, ಈ ಮಿಲ್ಲಿನ ಮಾಲಕ. ಬುಧವಾರ, ಮಧ್ಯಾಹ್ನ ಎರಡ ಗಂಟೆ..."

ಜೋಕಾಲಿ ನಿಂತಿತು. ಮಿರ್ಚಿ ಕರಿಯುವವರು ಕೈ ನಿಲ್ಲಿಸಿದರು. ಕೆಳಗೆ ಜನ ಒತ್ತಿಕೊಂಡು ನಿಂತರು. ಅವರಲ್ಲಿ ಯಾರು ಯಾರ ಕಡೆ ಎಂದು ಮೇಲಿನಿಂದ ಗೊತ್ತಾಗುತ್ತಿರಲಿಲ್ಲ. "ಬಾಯಿ ಮುಚ್ಚಸ್ರಲೇ ಅದರದು!" ಎಂದು ಧಣಿ ಕೂಗಿದ. ಹಮಾಲರು ಕೋಲು ಬಿಸಾಡಿ ಅಟ್ಟಣಿಗೆಯ ಗಳುಗಳನ್ನು ಹಿಡಿದು ಅಲ್ಲಾಡಿಸತೊಡಗಿದರು. ಜನರೊಳಗಿಂದಲೂ ಕೆಲವರು ಹೋಗಿ ಕೈಜೋಡಿಸಿದರು. ಕಟ್ಟಿದ ಹಗ್ಗಗಳು ಕಿರಗುಟ್ಟಿದವು. ಕಾಲ ಕೆಳಗಿನ ಹಲಗೆ ಆ ಕಡೆ ಈ ಕಡೆ ತೂಗತೊಡಗಿತು. ಜಿಲಾನಿ ಅವಳ ಸೊಂಟವನ್ನು ಎರಡೂ ಕೈಯಿಂದ ಬಳಸಿ ಹಿಡಿದ.

"ಕೇಳಸದಿದ್ದವರು ಕೇಳ್ರಿ," ಅಂದಳು ಬಸವಣ್ಣೆಮ್ಮ. ಕಾಲು ಅಗಲಿಸಿ ನಿಂತು, ಹೆಸರಿನಿಂದ ಹಿಡಿದು ಮತ್ತೆ ಹೇಳತೊಡಗಿದಳು.