ಜೇಬಿನೊಳಗಿಂದ ಕೇಳಿದ ಬ್ಯಾಂಡು

ನಾನು ಒಂದು ಹಲ್ಲಿನ ಸೆಟ್ಟು. ನಗಬೇಡಿ. ನಕ್ಕರೆ ನಿಮ್ಮ ಬಾಯಲ್ಲಿರುವುದು ಸ್ವಂತದ್ದೋ ಕಟ್ಟಿಸಿದ್ದೋ ಎಂದು ನನಗೆ ಥಟ್ಟನೆ ತಿಳಿದುಬಿಡುತ್ತದೆ.

ಮೈಸೂರಿನ ಒಂದು ಇಕ್ಕಟ್ಟಾದ ಕೋಣೆಯಲ್ಲಿ, ಮೇಣ ಮತ್ತು ಅಚ್ಚುಗಳ ನಡುವೆ ನಾನು ಹುಟ್ಟಿದೆ. ಗುಲಾಬಿ ಬಣ್ಣದ ವಸಡು, ಮೇಲೊಂದು ಸಾಲು, ಕೆಳಗೊಂದು ಸಾಲು. ಹುಟ್ಟುತ್ತಲೇ ಬಾಯಿತುಂಬ ಹಲ್ಲಿದ್ದ ಮಗು ನಾನು. ಜಂಬ ಬಾರದೆ ಇರುತ್ತದೆಯೇ?

ನನ್ನನ್ನು ಕಟ್ಟಿಸಿಕೊಂಡವರು ಚೌರಪ್ಪನವರು. ಪೊಲೀಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ನಿವೃತ್ತರಾದವರು. ನಿವೃತ್ತಿಯ ಬೆನ್ನಿಗೇ ವಸಡಿನ ಕಾಯಿಲೆ ಬಂದು ಅವರ ಹಲ್ಲನ್ನೆಲ್ಲ ಕಿತ್ತುಕೊಂಡು ಹೋಯಿತು. ನಾನು ಬಂದ ದಿನ ಅವರು ಚಕ್ಕುಲಿ ಕಡಿದರು, ಹೆಂಡತಿ ಲೂರ್ದಮ್ಮನವರ ಮುಂದೆ ಹಲ್ಲು ಕಿರಿದರು, ಆಮೇಲೆ ಟ್ರಂಪೆಟ್ ತೆಗೆದು ತುಟಿಗಿಟ್ಟರು. ಎತ್ತರದ ಸ್ವರಕ್ಕೆ ದಮ್ಮು ಕಟ್ಟುತ್ತಿದ್ದಂತೆ ನನ್ನ ಮೇಲಿನ ಸಾಲು ಜಾರಿ ಕೆಳಗಿನದರ ಮೇಲೆ ಕಟಕ್ಕೆಂದು ಬಿತ್ತು. ಅವರು ಟ್ರಂಪೆಟ್ ಒರೆಸಿ ಪೆಟ್ಟಿಗೆಗೆ ಹಾಕಿದರು. ಅಂದು ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಲೂರ್ದಮ್ಮನವರ ತಮ್ಮ ಫಾದರ್ ಇನ್ನಾಸಪ್ಪ ಬೊಲಿವಿಯಾ ದೇಶದ ಕೊಚಬಾಂಬಾ ಊರಿನಲ್ಲಿ ಪಾದ್ರಿ. ಅವರೊಮ್ಮೆ ಫೋನಿನಲ್ಲಿ, "ಭಾವ, ಇಲ್ಲಿ ಬೀದಿಬೀದಿಗೂ ಬ್ಯಾಂಡು. ಅಕ್ಕನ್ನ ಕರ್ಕೊಂಡು ಬಂದ್ಬಿಡಿ" ಅಂದರು. ಗಂಡ ಹೆಂಡತಿ ಹೊರಟೇಬಿಟ್ಟರು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂದು ನೆರೆಮನೆಯವರು ನಕ್ಕರು. ನಾನಿಲ್ಲಿ ಸಾಲಾಗಿ ಕೂತಿರುವುದು ಅವರ ಕಣ್ಣಿಗೆ ಬೀಳಲಿಲ್ಲವೇ?

ಪೆಟ್ಟಿಗೆ ತುಂಬುವಾಗ ಲೂರ್ದಮ್ಮ ಕೇಳಿದರು: "ಊದಕ್ಕಾಗಲ್ಲ ಅಂತ ಗೊತ್ತಿದ್ದೂ ಟ್ರಂಪೆಟ್ ಯಾಕ್ರೀ ಹೊತ್ಕೊತೀರಿ?"

ಚೌರಪ್ಪ ತಲೆ ಎತ್ತಲಿಲ್ಲ. "ಒಂದೇ ಒಂದ್ ಸಲ ಬೀದೀಲಿ ಬ್ಯಾಂಡ್ ಜೊತೆ ನಿಂತು ಊದ್ಬೇಕು ಕಣೆ. ಇಲ್ಲಿ ಗುರ್ತಿರೋರ ಮುಂದೆ ಆಗಲ್ಲ. ಅಲ್ಲಾದ್ರೆ ಮಾನ ಹೋದ್ರೂ ಯಾರಿಗ್ ಗೊತ್ತಾಗುತ್ತೆ?"

ಅವರ ಆಸೆ ಈಡೇರುವುದು ನನ್ನ ಮೇಲೆ ನಿಂತಿದೆ ಎಂದುಕೊಂಡು ನಾನು ಗಟ್ಟಿ ಮನಸ್ಸು ಮಾಡಿದೆ.

ಅವರಿಬ್ಬರೂ ಆ ದೇಶವನ್ನು ಕಣ್ಣಿಂದ ನೋಡಿದರು, ನಾನು ಕಚ್ಚಿ ನೋಡಿದೆ. ಕೊಚಬಾಂಬಾದಲ್ಲಿ ನನಗಿಂತ ದೊಡ್ಡ ಕಾಳಿನ ಜೋಳ ಸಿಕ್ಕಿತು, ಜೊತೆಗೆ ಉಪ್ಪುಪ್ಪು ಗಿಣ್ಣು. ಲಾ ಪಾಸಿನಲ್ಲಿ ನಮ್ಮ ಕರಿಗಡುಬಿನಂಥದೊಂದು ತಿಂಡಿ. ಒಳಗೆ ಸಾರು ತುಂಬಿರುತ್ತದೆಂದು ತಿಳಿಯದೆ ನಾನು ಗಬಕ್ಕನೆ ಕಚ್ಚಿದೆ, ಚೌರಪ್ಪನವರ ಹೊಸ ಅಂಗಿಗೆ ಅಭಿಷೇಕವಾಯಿತು. "ಮೊದ್ಲು ತೂತು ಮಾಡಿ ಹೀರ್ಬೇಕು ಭಾವ" ಎಂದು ಫಾದರ್ ತಡವಾಗಿ ಹೇಳಿದರು. ಊರ ಮೇಲೆ ತಂತಿಯಲ್ಲಿ ತೇಲುವ ಡಬ್ಬಿಯಲ್ಲಿ ಕೂತಾಗ ಲೂರ್ದಮ್ಮ ಜಪಸರ ಹಿಡಿದುಕೊಂಡರೆ, ಚೌರಪ್ಪ ಮಗುವಿನಂತೆ ಗಾಜಿಗೆ ಮೂಗೊತ್ತಿದರು. ಪೊಟೊಸಿಯಲ್ಲಿ ಬಿಸಿ ಕಲ್ಲನ್ನೇ ಸಾರಿನ ಬಟ್ಟಲಿಗೆ ಹಾಕಿ ಕೊಟ್ಟರು. ಅದು ಕೊತಕೊತ ಕುದಿಯುತ್ತಿತ್ತು. ಕಲ್ಲನ್ನು ಕಚ್ಚಲಿಲ್ಲ, ಅಷ್ಟು ಬುದ್ಧಿ ನನಗಿದೆ. ದಿನಕ್ಕೊಂದು ಊರು, ಊರಿಗೊಂದು ರುಚಿ. ನಾನು ಕುಣಿಯದಿದ್ದುದೇ ಹೆಚ್ಚು.

ಎಲ್ಲ ಊರಲ್ಲೂ ಬ್ಯಾಂಡು ಕೇಳಿಸುತ್ತಿತ್ತು. ಪ್ರತಿಸಲವೂ ಚೌರಪ್ಪನವರ ಕೈ ಟ್ರಂಪೆಟ್ ಪೆಟ್ಟಿಗೆಯ ಚಿಲಕಕ್ಕೆ ಹೋಗಿ ಹಿಂದೆ ಬರುತ್ತಿತ್ತು.

ಕೊನೆಯ ಊರು ಒರುರೊ. ಕಾರ್ನಿವಲ್ ಹಬ್ಬ ಹತ್ತಿರ ಬಂದಿತ್ತು, ಬ್ಯಾಂಡುಗಳ ತಾಲೀಮು ಬೀದಿಯಲ್ಲೇ ನಡೆಯುತ್ತಿತ್ತು. ಅಂದು ಬೆಳಿಗ್ಗೆ ಚೌರಪ್ಪ ನನಗೆ ಅಂಟುಪುಡಿಯನ್ನು ಎರಡು ಪಟ್ಟು ಉದುರಿಸಿದರು. ಫಾದರ್ ಒಂದು ಬ್ಯಾಂಡಿನವರ ಬಳಿ ಹೋಗಿ ಏನೋ ಹೇಳಿದರು. ಅವರು ಚಪ್ಪಾಳೆ ತಟ್ಟಿ ಜಾಗ ಬಿಟ್ಟರು.

ಚೌರಪ್ಪ ಬೆನ್ನು ನೆಟ್ಟಗೆ ಮಾಡಿ ಟ್ರಂಪೆಟ್ ಎತ್ತಿದರು. ಮೊದಲ ಸ್ವರ ಬಂತು. ಎರಡನೆಯದೂ ಬಂತು. ನಾನು ಅವರ ವಸಡನ್ನು ಜೀವ ಹಿಡಿದಂತೆ ಹಿಡಿದುಕೊಂಡಿದ್ದೆ. ಬೆಟ್ಟದ ಮೇಲಿನ ಊರು, ತೆಳ್ಳನೆಯ ಗಾಳಿ. ಎತ್ತರದ ಸ್ವರಕ್ಕೆ ಅವರು ಇದ್ದಬದ್ದ ಉಸಿರನ್ನೆಲ್ಲ ಒತ್ತಿದರು. ಪುಸ್ಸೆಂದಿತು. ನನ್ನ ಮೇಲಿನ ಸಾಲು ಬಾಯಿಂದ ಹಾರಿ ಕಲ್ಲುಹಾಸಿನ ಮೇಲೆ ಬಿತ್ತು.

ಬ್ಯಾಂಡು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚೌರಪ್ಪ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. "ಶಾಕು ನಡಿಯೇ" ಎಂದು ಹೆಂಡತಿಗೆ ತೊದಲಿದರು. ಗುರುತಿಲ್ಲದವರ ಮುಂದೆ ಹೋದರೂ ಮಾನ ಮಾನವೇ. ನೆಲದ ಮೇಲೆ ಬಿದ್ದುಕೊಂಡು ನಾನು ಅತ್ತೆ.

ಆಗ ಒಂದು ಕೈ ನನ್ನನ್ನು ಎತ್ತಿತು. ಬ್ಯಾಂಡಿನಲ್ಲಿ ಟ್ಯೂಬಾ ಊದುವ ಮುದುಕ ಎವುಸೇಬಿಯೊ. ಟ್ಯೂಬಾ ಎಂದರೆ ಆನೆಗಾತ್ರದ ಹಿತ್ತಾಳೆ ವಾದ್ಯ. ಅವನು ನನ್ನನ್ನು ತೋಳಿಗೆ ಒರೆಸಿಕೊಂಡ. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ತನ್ನ ಜೇಬಿಗೆ ಕೈ ಹಾಕಿ ತನ್ನ ಹಲ್ಲಿನ ಸೆಟ್ಟನ್ನೂ ಹೊರತೆಗೆದ. ಬೊಚ್ಚುಬಾಯಿ ತೆರೆದು ನಕ್ಕು, ಏನೋ ಹೇಳಿದ.

"ಟ್ಯೂಬಾಕ್ಕೆ ಹಲ್ಲು ಬೇಡ್ವಂತೆ ಭಾವ, ತುಟಿ ಸಾಕಂತೆ" ಎಂದರು ಫಾದರ್. "ತಾನು ಯಾವಾಗ್ಲೂ ತೆಗೆದಿಟ್ಟೇ ಊದೋದಂತೆ."

ಚೌರಪ್ಪ ಹೆಂಡತಿಯ ಮುಖ ನೋಡಿದರು. "ಊದ್ರಿ" ಅಂದರು ಲೂರ್ದಮ್ಮ. ಚೌರಪ್ಪ ನನ್ನ ಕೆಳಸಾಲನ್ನೂ ತೆಗೆದುಕೊಟ್ಟರು. ಮುದುಕ ಎರಡು ಸೆಟ್ಟನ್ನೂ ತನ್ನ ಅಂಗಿಜೇಬಿಗೆ ಹಾಕಿ, ಟ್ಯೂಬಾವನ್ನು ಚೌರಪ್ಪನವರ ಹೆಗಲಿಗೆ ಏರಿಸಿದ.

ಕತ್ತಲ ಜೇಬಿನಲ್ಲಿ ಬೊಲಿವಿಯಾದ ಹಲ್ಲಿನ ಪಕ್ಕ ಕೂತು ನಾನು ಕಾದೆ. ಮೊದಲು ಗೊರಗೊರ. ಆಮೇಲೆ ಭೋಂ ಎಂದು ಒಂದು ಸ್ವರ ನೆಲದಿಂದಲೇ ಎದ್ದಂತೆ ಎದ್ದಿತು. ಅದರ ಮೇಲೆ ಡ್ರಮ್ಮು, ತಾಳ, ಇಪ್ಪತ್ತು ಟ್ರಂಪೆಟ್ಟು. ಜೇಬೇ ಅದುರಿತು. ನಾವಿಬ್ಬರೂ ಒಬ್ಬರಿಗೊಬ್ಬರು ಕಟಕಟ ಬಡಿದುಕೊಂಡೆವು. ಲೂರ್ದಮ್ಮನವರ ದನಿ ಕೇಳಿಸಿತು: "ಬತ್ತಾ ಇದೆ ಕಣ್ರೀ, ಬತ್ತಾ ಇದೆ." ನಾನಿಲ್ಲದೆ ಬರುತ್ತಿತ್ತು. ಮೊದಲು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಭೋಂಕಾರದ ಮುಂದೆ ಹೊಟ್ಟೆಕಿಚ್ಚು ಎಷ್ಟು ಹೊತ್ತು ನಿಂತೀತು? ನನ್ನ ಯಜಮಾನರು ಬೀದಿಯಲ್ಲಿ ನಿಂತು ಊದುತ್ತಿದ್ದರು. ನನಗೆ ಬೇರೇನೂ ಬೇಕಾಗಿರಲಿಲ್ಲ.

ಮೈಸೂರಿಗೆ ಮರಳಿದ ಮೇಲೆ ಅವರು ಚರ್ಚಿನ ಬ್ಯಾಂಡಿಗೆ ಸೇರಿದರು. ಅಲ್ಲಿ ಯಾರೂ ಮುಟ್ಟದ ಹಳೇ ಟ್ಯೂಬಾ ಒಂದಿತ್ತು. ಭಾನುವಾರ ಪೂಜೆ ಮುಗಿಯುತ್ತಿದ್ದಂತೆ ನನ್ನನ್ನು ತೆಗೆದು ಲೂರ್ದಮ್ಮನವರ ಸ್ಟೀಲು ಡಬ್ಬಿಗೆ ಹಾಕುತ್ತಾರೆ, ಗುರುತಿರುವವರೆಲ್ಲರ ಮುಂದೆಯೇ. ನಾನು ಡಬ್ಬಿಯಲ್ಲಿ ಕೂತು ಕೇಳುತ್ತೇನೆ.

ಈಗ ನನಗೆ ವಯಸ್ಸಾಗಿದೆ, ಅಂಗುಳದಲ್ಲಿ ಬಿರುಕು. ಮೊನ್ನೆ ಹೊಸ ಸೆಟ್ಟು ಕಟ್ಟಿಸಿದ್ದಾರೆ. ನಾನು ಆ ಡಬ್ಬಿಯಲ್ಲೇ ಕಾಯಂ. ನಿನ್ನೆ ಸಂಜೆ ಮುಖ ತೊಳೆಯುವಾಗ ಚೌರಪ್ಪ ಹೊಸದನ್ನು ನನ್ನ ಪಕ್ಕ ಇಟ್ಟಿದ್ದರು. ತಾನಿಲ್ಲದಿದ್ದರೆ ಈ ಯಜಮಾನರ ಬಾಯಿ ಯಾತಕ್ಕೂ ಬಾರದು ಎಂದು ಅದು ಬೀಗುತ್ತಿತ್ತು. ಪಾಪ, ಅದಕ್ಕಿನ್ನೂ ಭಾನುವಾರ ಬಂದಿಲ್ಲ.