ನಾಲ್ಕು ಬೆರಳು ನೀರು

ಜರ್ಮನಿಯ ನಮ್ಮ ಮೈನ್ ನದಿಯ ದಂಡೆಯಲ್ಲಿ ಈ ಶತಮಾನದಲ್ಲಿ ನಡೆದ ಅತ್ಯಂತ ಗಂಭೀರವಾದ ಘಟನೆಯನ್ನು ಇಲ್ಲಿ ದಾಖಲಿಸಬೇಕಾಗಿದೆ. ಪ್ರವಾಹ ಬಂದು ಹೋಯಿತು, ಕಲ್ಲಿದ್ದಲ ಸಾಗಣೆ ನಿಂತೇ ಹೋಯಿತು, ಮೂರು ಮನೆತನಗಳು ಹಡಗು ಮಾರಿ ಲಾರಿ ಕೊಂಡವು. ಅವೆಲ್ಲ ಸಣ್ಣ ವಿಷಯಗಳು. ಗಂಭೀರವಾದದ್ದೆಂದರೆ, ನಮ್ಮ ಊರಿನ ಹಡಗಿನವರ ಸಂಘದ ಹೊಸ ಧ್ವಜದ ಮೇಲೆ ರೇಷ್ಮೆ ದಾರದಲ್ಲಿ ಕಸೂತಿ ಹಾಕಿದ್ದ ಹಡಗು, ಇರಬೇಕಾದದ್ದಕ್ಕಿಂತ ನಾಲ್ಕು ಬೆರಳು ನೀರಿನಿಂದ ಮೇಲೆದ್ದಿತ್ತು.

ಧ್ವಜದ ಒಂದು ಬದಿಗೆ ಹಡಗಿನವರನ್ನು ಕಾಯುವ ಸಂತ ನಿಕೋಲಾಸ್, ಇನ್ನೊಂದು ಬದಿಗೆ ಹಡಗು. ವರ್ಷಕ್ಕೆ ಎರಡು ಮೆರವಣಿಗೆಗಳಿಗೆ ಅದು ಹೊರಬರುತ್ತದೆ. ಅವು ಬಿಟ್ಟರೆ ಸದಸ್ಯರ ಶವಸಂಸ್ಕಾರಕ್ಕೆ. ಶವಪೆಟ್ಟಿಗೆ ಗುಂಡಿಗಿಳಿದ ಮೇಲೆ ಧ್ವಜಧಾರಿ ಮುಂದೆ ಬಂದು ಧ್ವಜವನ್ನು ಮೂರು ಸಲ ಅದರ ಮೇಲೆ ಬಾಗಿಸುತ್ತಾನೆ. ಬದುಕಿದ್ದಷ್ಟು ಕಾಲ ಸಭೆಯ ಕಡೆ ತಲೆ ಹಾಕದವನೂ ಆ ಮೂರು ನಮನಗಳಿಗಾಗಿ ಸದಸ್ಯನಾಗಿ ಉಳಿದಿರುತ್ತಾನೆ.

ಹೊಸ ಧ್ವಜಕ್ಕೆ ಮಾದರಿಯಾಗಿ ಅಧ್ಯಕ್ಷ ಓಟ್ಮಾರ್ ಕ್ನೈಸೆಲ್ ತನ್ನದೇ ಹಡಗಿನ ಫೋಟೋ ಕೊಟ್ಟಿದ್ದ. ಬೇರೆ ಯಾರ ಹಡಗೂ ಅವನ ನೆನಪಿಗೆ ಬರಲಿಲ್ಲ. ಫೋಟೋ ಹಬ್ಬದ ಭಾನುವಾರ ತೆಗೆದದ್ದು. ಹೆಂಡತಿ, ಮಕ್ಕಳು, ನಾಯಿ ಎಲ್ಲ ಮೇಲೆ ನಿಂತಿದ್ದರು, ಹಿಂದಿನ ದಿನವಷ್ಟೇ ಸರಕು ಇಳಿದು ಒಡಲು ಬರಿದಾಗಿ ಹಡಗು ಮೇಲೆದ್ದು ತೇಲುತ್ತಿತ್ತು. ಮಠದ ಸನ್ಯಾಸಿನಿಯರು ಹೆಂಡತಿ ಮಕ್ಕಳನ್ನೂ ನಾಯಿಯನ್ನೂ ಬಿಟ್ಟು ಉಳಿದುದನ್ನೆಲ್ಲ ಇದ್ದಹಾಗೆಯೇ ಕಸೂತಿ ಹಾಕಿದರು. ಅವರದ್ದೇನೂ ತಪ್ಪಿಲ್ಲ. ದೇವರ ಸೇವೆಗೆ ನಿಂತವರಿಗೆ ತುಂಬಿದ ಹಡಗೂ ಖಾಲಿ ಹಡಗೂ ಒಂದೇ.

'ಲಂಗರು' ಹೋಟೆಲಿನ ಸಭಾಂಗಣದಲ್ಲಿ ಧ್ವಜವನ್ನು ಬಿಚ್ಚಿ ತೋರಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಬುರ್ಕಾರ್ಡ್ ಫೇಟ್ ಮಾತ್ರ ತಟ್ಟಲಿಲ್ಲ. ಎಂಬತ್ತನಾಲ್ಕು ವರ್ಷದ ಅವನು ಇಪ್ಪತ್ತಾರು ವರ್ಷ ಸಂಘದ ಧ್ವಜ ಹೊತ್ತವನು. ಒಂದು ಕನ್ನಡಕ ತೆಗೆದು ಇನ್ನೊಂದನ್ನು ಹಾಕಿಕೊಂಡು ಹತ್ತಿರ ಹೋದ.

"ಓಟ್ಮಾರ್, ಈ ಹಡಗು ಎಲ್ಲಿಗೆ ಹೊರಟಿದೆ?"

"ಎಲ್ಲಿಗಾದ್ರೂ ಹೋಗ್ಲಿ ಬುರ್ಕಾರ್ಡ್. ಚಿತ್ರ ತಾನೆ."

"ಖಾಲಿ ಹೊರಟಿದೆಯಲ್ಲಪ್ಪಾ. ಪ್ರೊಪೆಲರ್ ನೀರಿಂದ ಮೇಲೆ ಬಂದು ಗಾಳಿ ಬೀಸ್ತಾ ಇದೆ. ನಮಗೆ ಸರಕು ಸಿಗ್ತಿಲ್ಲ ಅಂತ ಇಡೀ ನದಿಗೆ ಸಾರ್ಕೊಂಡು ಬರ್ಬೇಕಾ?"

"ಖಾಲಿ ಅಲ್ಲ. ಬೇಸಿಗೇಲಿ ನೀರು ಕಡಿಮೆ ಇದ್ದಾಗ ಅರ್ಧ ತುಂಬಿಸಿದ್ದು."

"ಅರ್ಧ ತುಂಬಿಸಿದ್ದನ್ನ ಅರವತ್ತು ವರ್ಷ ನೋಡಿದ್ದೀನಿ. ಅದು ಹಿಂಗೆ ಬಾತುಕೋಳಿ ಥರ ಕೂತ್ಕೊಳ್ಳಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಬಾತುಕೋಳಿಯ ಹಾಗೆ ಕೂಗಿದರು. ಅಲ್ಲಿಗೆ ಕಥೆ ಮುಗಿಯಿತು. ಆಮೇಲೆ ಆ ಧ್ವಜದಲ್ಲಿ ಬಾತುಕೋಳಿಯಲ್ಲದೆ ಬೇರೇನೂ ಯಾರಿಗೂ ಕಾಣಿಸಲಿಲ್ಲ. ಪಾದ್ರಿ ಬಂದು ಆಶೀರ್ವದಿಸುವ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಮೂರು ಸಭೆಗಳ ನಂತರ ಸಮಿತಿ ಒಂದು ತೀರ್ಮಾನಕ್ಕೆ ಬಂತು. ಹೊಲಿದ ಹಡಗನ್ನು ಕೆಳಗಿಳಿಸಲು ಬರುವುದಿಲ್ಲ, ಆದ್ದರಿಂದ ನೀರನ್ನೇ ಮೇಲೆತ್ತಬೇಕು. ನಾಲ್ಕು ಬೆರಳು ನೀಲಿ ರೇಷ್ಮೆ ಸೇರಿಸಲು ಧ್ವಜ ಮಠಕ್ಕೆ ವಾಪಸು ಹೋಯಿತು. ನುಸಿ ತಿಂದ ಹಳೆಯ ಧ್ವಜವನ್ನು ಓಟ್ಮಾರ್ ಅದಾಗಲೇ ಊರಿನ ಮ್ಯೂಸಿಯಂಗೆ ಒಪ್ಪಿಸಿ, 'ಇದನ್ನು ಇನ್ನೆಂದೂ ಹೊರತೆಗೆಯತಕ್ಕದ್ದಲ್ಲ' ಎಂದು ಬರೆದುಕೊಟ್ಟಿದ್ದ.

ಇಂಥ ಸಮಯದಲ್ಲಿ, ಅಂದರೆ ನಿಯಮಾವಳಿಯ ದೃಷ್ಟಿಯಿಂದ ತೀರಾ ಅಕಾಲದಲ್ಲಿ, ಬುರ್ಕಾರ್ಡ್ ಫೇಟ್ ತೀರಿಕೊಂಡ.

ಅವನ ಮಗಳು ಗೆರ್ಲಿಂಡೆ ಹಡಗಿನವರಿಗೆ ಹಗ್ಗ, ಬಣ್ಣ, ಬ್ರೆಡ್ಡು ಮಾರುವ ಅಂಗಡಿ ಇಟ್ಟುಕೊಂಡವಳು. ಅಂಗಡಿ ಮುಚ್ಚಿ ನೇರವಾಗಿ ಓಟ್ಮಾರನ ಮನೆಗೆ ಬಂದಳು.

"ಅಪ್ಪ ಕೇಳಿದ್ದು ಒಂದೇ. ನಲವತ್ತಮೂರು ಗೋರಿ ಮೇಲೆ ಬಾವುಟ ಬಾಗಿಸಿದಾರೆ, ನಿಮ್ಮಪ್ಪಂದೂ ಸೇರಿ. ಶುಕ್ರವಾರ ಅವರ ಗೋರಿ ಮೇಲೂ ಬಾಗ್ಬೇಕು. ನಾನು ಮಾತು ಕೊಟ್ಟಿದ್ದೀನಿ."

"ನನಗೂ ದುಃಖ ಇದೆ ಗೆರ್ಲಿಂಡೆ. ಹೊಸದು ಮಠದಲ್ಲಿದೆ. ಯಾಕಿದೆ, ಯಾರಿಂದಾಗಿ ಇದೆ, ನಿನಗೇ ಗೊತ್ತು."

"ಹಳೇದು?"

"ಗಾಜಿನ ಪೆಟ್ಟಿಗೇಲಿ."

"ಗಾಜಿಗೆ ಬೀಗ ಇದೆ. ಬೀಗದ ಕೀಲಿ ಮ್ಯೂಸಿಯಂ ನೋಡ್ಕೊಳ್ಳೋ ನಿನ್ನ ನಾದಿನಿ ಹತ್ರ ಇದೆ."

"ಬರೆದುಕೊಟ್ಟಾಗಿದೆಯಮ್ಮಾ. ರುಜು ಅಂದ್ರೆ ರುಜು."

"ಯಾರ ರುಜು?"

"ನಂದೇ."

"ಹಂಗಾದ್ರೆ ಒಳಗೆ ಹೋಗಿ ಕನ್ನಡೀಲಿ ಒಂದ್ಸಲ ಕೇಳಿ ನೋಡು, ಒಪ್ಪಬಹುದು."

ಓಟ್ಮಾರ್ ವಿಷಯವನ್ನು ಸಮಿತಿಯ ಮುಂದಿಡುವುದಾಗಿ ಹೇಳಿದ. ಹುಟ್ಟಿದಾಗಿನಿಂದ ಅವನನ್ನು 'ನೀನು' ಎಂದು ಕರೆದವಳು ಬಾಗಿಲಲ್ಲಿ ತಿರುಗಿ, "ಆಗ್ಲಿ ಕ್ನೈಸೆಲ್ ಅವ್ರೇ, ನಿಮ್ಮ ಸಮಿತಿಗೆ ನಮಸ್ಕಾರ ಹೇಳಿ," ಎಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಬುಧವಾರ ಸಮಿತಿಯ ಹನ್ನೊಂದು ಜನ ಸಾಸೇಜು, ಆಲೂಗಡ್ಡೆ ಸಲಾಡಿನೊಂದಿಗೆ ಕುಳಿತರು. ಒಬ್ಬನಿಗೆ ಗಾಜಿನ ಪೆಟ್ಟಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕಾಗುತ್ತದೆ ಎಂದು ಒಬ್ಬ ಹೇಳಿದ. ಎಲ್ಲರೂ ಸಾಯುವವರೇ ಆದ್ದರಿಂದ ಅದು ತೂಕದ ಮಾತಾಗಿತ್ತು. ಈಗಿನ ಧ್ವಜಧಾರಿ ಆಲ್ವಿನ್ ರೋತ್‌ಗೆ ಧ್ವಜ ಹಿಡಿಯುವುದನ್ನು ಕಲಿಸಿದ್ದೇ ಬುರ್ಕಾರ್ಡ್. ಅವನು ಸಾಸೇಜನ್ನು ಸಣ್ಣ ಸಣ್ಣ ಚೂರು ಮಾಡುತ್ತ ಕುಳಿತಿದ್ದ. ಆಗ ಓಟ್ಮಾರನಿಗೆ ಹೊಳೆಯಿತು. ಮ್ಯೂಸಿಯಂ ತೆಗೆದುಕೊಂಡದ್ದು ಬಟ್ಟೆಯನ್ನು ಮಾತ್ರ, ಕೋಲು ಸಂಘದ ಬೀರುವಿನಲ್ಲೇ ಇದೆ. ಅದಕ್ಕೆ ಕಪ್ಪು ಪಟ್ಟಿ ಕಟ್ಟಿ ಕೋಲನ್ನೇ ಮೂರು ಸಲ ಬಾಗಿಸಿದರಾಯಿತು.

"ಬಟ್ಟೆ ಇಲ್ಲ ಅಂತ ಜನಕ್ಕೆ ಗೊತ್ತಾಗಲ್ವಾ?" ಎಂದು ಒಬ್ಬ ಕೇಳಿದ.

"ಗಾಳಿ ಇಲ್ದಿದ್ರೆ ಗೊತ್ತಾಗಲ್ಲ," ಎಂದ ಓಟ್ಮಾರ್.

ಕೈಗಳು ಎದ್ದವು. ಆಲ್ವಿನ್ನನ ಕೈಯೂ ಎದ್ದಿತು, ಸ್ವಲ್ಪ ತಡವಾಗಿ. ಸುದ್ದಿ ಮುಟ್ಟಿಸಲು ಅವನನ್ನೇ ಕಳಿಸಿದರು.

"ನಮ್ಮಪ್ಪನ ಮೇಲೆ ಪೊರಕೆ ಕೋಲು ಆಡಿಸೋಕೆ ಬರ್ತೀಯಾ ಆಲ್ವಿನ್?" ಎಂದಳು ಗೆರ್ಲಿಂಡೆ.

"ಸಮಿತಿ ತೀರ್ಮಾನ, ಗೆರ್ಲಿಂಡೆ."

"ಸರಿ. ನಿನಗೇನನ್ನಿಸ್ತದೆ ಅನ್ನೋದನ್ನೂ ಸಮಿತೀನೇ ತೀರ್ಮಾನ ಮಾಡಿ ಕಳಿಸಿದೆಯಾ, ಇಲ್ಲ ಅದನ್ನ ಮುಂದಿನ ಸಭೆಗೆ ಇಟ್ಕೊಂಡಿದೆಯಾ?"

ಅವನು ಹೋದ ಮೇಲೆ ಅವಳು ನದಿಯಲ್ಲಿ ಕೆಳಗಿರುವ ಫೆಲ್ಡರ್ಸ್‌ಬಾಖ್ ಊರಿಗೆ ಫೋನು ಮಾಡಿದಳು. ಅಲ್ಲಿಯ ಹಡಗಿನವರ ಸಂಘಕ್ಕೂ ನಮ್ಮದಕ್ಕೂ ಮಾತುಕತೆ ನಿಂತು ತೊಂಬತ್ತು ವರ್ಷವಾಗಿದೆ. ಮೆರವಣಿಗೆಯಲ್ಲಿ ಯಾರು ಮುಂದೆ ನಡೆಯಬೇಕು ಎಂಬ ವಿಷಯಕ್ಕೆ. ಅವರ ಧ್ವಜದಲ್ಲಿ ಉಗಿದೋಣಿಯ ಹೊಗೆ ದೋಣಿಗಿಂತ ಮುಂದೆ ಓಡುತ್ತದೆ. ಅದನ್ನು ಕಂಡು ನಗುವುದನ್ನು ನಮ್ಮಲ್ಲಿ ತಂದೆ ಮಗನಿಗೆ ಕಲಿಸುತ್ತಾನೆ. ಆ ಧ್ವಜವನ್ನೇ ಶುಕ್ರವಾರಕ್ಕೆ ತರುವಿರಾ ಎಂದು ಅವಳು ಅವರ ಅಧ್ಯಕ್ಷ ಕಿಲಿಯಾನ್‌ನನ್ನು ಕೇಳಿದಳು.

"ನಮ್ಮ ಹೊಗೆ ನೋಡಿ ನಿಮ್ಮಪ್ಪ ನಕ್ಕಷ್ಟು ಇನ್ಯಾರೂ ನಕ್ಕಿಲ್ಲ ಕಣಮ್ಮಾ," ಎಂದ. "ಎಷ್ಟು ಗಂಟೆಗೆ?"

ಶುಕ್ರವಾರ ಗಾಳಿ ಜೋರಾಗಿತ್ತು. ಫೆಲ್ಡರ್ಸ್‌ಬಾಖ್‌ನ ಹದಿನಾಲ್ಕು ಜನ ನೀಲಿ ಕೋಟು ತೊಟ್ಟು, ಧ್ವಜ ಹಿಡಿದು ಸ್ಮಶಾನದ ಗೇಟಿಗೆ ಬಂದರು. ಅತಿಥಿ ಧ್ವಜ ಮೊದಲು ಊರಿನ ಧ್ವಜಕ್ಕೆ ಬಾಗಿ, ಆಮೇಲೆ ಒಳಗೆ ಹೋಗಬೇಕೆನ್ನುವುದು ವಾಡಿಕೆ. ಅವರ ಧ್ವಜಧಾರಿ ಆಚೀಚೆ ಹುಡುಕಿದ. ಆಲ್ವಿನ್ ಕೋಲು ಹಿಡಿದು ನಿಂತಿದ್ದ. ಕಪ್ಪು ಪಟ್ಟಿ ಅವನ ಮುಖಕ್ಕೆ ಪಟಪಟ ಬಡಿಯುತ್ತಿತ್ತು.

"ನಾವು ಯಾವುದಕ್ಕೆ ಬಾಗ್ಬೇಕು?" ಎಂದು ಕಿಲಿಯಾನ್ ವಿನಯದಿಂದಲೇ ಕೇಳಿದ.

"ನಮ್ಮ ಸಂಘಕ್ಕೆ," ಎಂದು ಓಟ್ಮಾರ್ ಕೋಲನ್ನು ತೋರಿಸಿದ.

ಹದಿನಾಲ್ಕು ಜನರಲ್ಲಿ ಒಬ್ಬನೂ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಅವರ ಧ್ವಜ ಕೋಲಿಗೆ ಬಾಗಿತು. ಕೋಲು ಅವರ ಧ್ವಜಕ್ಕೆ ಬಾಗಿತು. ಆಮೇಲೆ ಆಲ್ವಿನ್ ಒಳಗೆ ಹೆಜ್ಜೆ ಇಡಲು ಹೋದಾಗ ಗೆರ್ಲಿಂಡೆ ಅವನ ತೋಳಿನ ಮೇಲೆ ಕೈಯಿಟ್ಟು, "ನೀನು ಇಲ್ಲೇ ನಿಂತಿರು. ಕೋಲಿಗೆ ಗಾಳಿ ಸೋಕೀತು," ಎಂದಳು.

ಅವನು ನಿಂತ. ಓಟ್ಮಾರ್ ಒಳಗೆ ಹೋಗುವುದೋ ಕೋಲಿನ ಜೊತೆ ನಿಲ್ಲುವುದೋ ಎಂದು ನಿಯಮಾವಳಿಯನ್ನು ಮನಸ್ಸಿನಲ್ಲೇ ಹುಡುಕಿ, ಕೊನೆಗೆ ಕೋಲಿನ ಜೊತೆ ನಿಂತ.

ಬುರ್ಕಾರ್ಡ್ ಫೇಟ್‌ನನ್ನು ಶುಕ್ರವಾರ ಹನ್ನೊಂದು ಗಂಟೆಗೆ ಫೆಲ್ಡರ್ಸ್‌ಬಾಖ್ ಸಂಘದ ಧ್ವಜದಡಿ ಮಣ್ಣು ಮಾಡಲಾಯಿತು. ಧ್ವಜ ಮೂರು ಸಲ ಬಾಗಿತು.